ಹೆಡ್‌ಲೈಟಿನ ಬೆಳಕು ಎಲ್ಲಿ ಸೋರಿಹೋಗುತ್ತದೆ?

ಬೀದರ್‌ನಿಂದ ಬಗದಲ್ ಹಾದು ಮನ್ನಾಏಖೇಳಿಯ ಹೆದ್ದಾರಿ ಸೇರುವ ರಸ್ತೆಯಲ್ಲಿ ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ಕಾರು ಓಡಿಸುವವರ ಬಾಯಲ್ಲಿ ಒಂದೇ ದೂರು: ‘ಬೆಳಕು ಬೀಳವಲ್ದು’. ಮುಂದೆ ಹೋಗುತ್ತಿರುವ ಡಬಲ್ ಟ್ರಾಲಿಯ ಹಿಂಬದಿಯಲ್ಲಿ ದೀಪವಿಲ್ಲ, ಇದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ರಸ್ತೆ ಅಂಚಿನ ಬಿಳಿ ಗೆರೆ ಧೂಳಿನಡಿ ಹೂತಿದೆ. ಎದುರಿನಿಂದ ಬರುವ ಪಿಕಪ್‌ನವನು ನೀಲಿ ಮಿಶ್ರಿತ ಬಿಳಿ ಬೆಳಕನ್ನು ನೇರ ಕಣ್ಣಿಗೇ ಹೊಡೆಯುತ್ತಾನೆ. ನಮ್ಮದೋ ಹದಿನೈದು, ಇಪ್ಪತ್ತು ವರ್ಷ ದುಡಿದ ಮಾರುತಿ 800, ಒಮ್ನಿ, ಸ್ಯಾಂಟ್ರೊ ಅಥವಾ ಸುಮೊ. ಅದರ ಎರಡು ದೀಪ ಹಳದಿಯಾಗಿ, ಮಂಕಾಗಿ, ಹತ್ತು ಮಾರು ದೂರಕ್ಕೇ ದಣಿದು ನಿಲ್ಲುತ್ತವೆ.

ಪರಿಹಾರ ಕೇಳಿದರೆ ಪೇಟೆಯಲ್ಲಿ ಮೂರು ಬಗೆಯ ಉತ್ತರ ಸಿಗುತ್ತದೆ. ಬಿಡಿಭಾಗದ ಅಂಗಡಿಯವರು ಹೊಸ ಬಲ್ಬ್ ಕೊಡುತ್ತಾರೆ. ಅಲಂಕಾರ ಸಾಮಗ್ರಿ ಮಾರುವವರು ಎಲ್‌ಇಡಿ ಹಾಕಿಸಿ ಎನ್ನುತ್ತಾರೆ. ಎಲೆಕ್ಟ್ರಿಕ್ ಕೆಲಸದ ಹಳೆ ಮಿಸ್ತ್ರಿ ಮಾತ್ರ ಬಾನೆಟ್ ಎತ್ತಿ, ಹೋಲ್ಡರಿನ ಹಿಂದಿನ ವೈರನ್ನು ಬೆರಳಲ್ಲಿ ಅಲ್ಲಾಡಿಸಿ, ‘ಬಲ್ಬಿಂದೇನೂ ತಪ್ಪಿಲ್ಲ, ಕರೆಂಟೇ ಮುಟ್ಟವಲ್ದು’ ಎನ್ನುತ್ತಾನೆ. ಈ ಮೂವರಲ್ಲಿ ನನ್ನ ಮತ ಮಿಸ್ತ್ರಿಗೆ. ಹಳೆ ಕಾರಿನ ಮಂಕು ಬೆಳಕಿಗೆ ಬಲ್ಬ್ ಕಾರಣವಾಗುವುದು ಕಡಿಮೆ. ಬ್ಯಾಟರಿಯಿಂದ ರಸ್ತೆಯವರೆಗಿನ ದಾರಿಯಲ್ಲಿ ಬೆಳಕು ನಾಲ್ಕೈದು ಕಡೆ ಸೋರಿಹೋಗಿರುತ್ತದೆ. ಜನ ದುಡ್ಡು ಸುರಿಯುವುದು ಮಾತ್ರ ಸೋರದ ಜಾಗಕ್ಕೆ.

ಮೊದಲು ದೀಪದ ಜಾತಿಗಳನ್ನು ಗುರುತಿಸಿಕೊಳ್ಳೋಣ. ಅಂಬಾಸಡರ್, ಮಹೀಂದ್ರ ಜೀಪುಗಳ ಕಾಲದ ದುಂಡನೆಯ ಏಳಿಂಚಿನ ದೀಪಗಳಲ್ಲಿ ಸೀಲ್ಡ್ ಬೀಮ್ ಎಂಬುದೊಂದಿತ್ತು. ಗಾಜು, ಹಿಂಬದಿಯ ಕನ್ನಡಿಬಟ್ಟಲು, ತಂತಿ ಎಲ್ಲ ಸೇರಿ ಒಂದೇ ಬುರುಡೆ. ಅಮೆರಿಕದಲ್ಲಿ 1940ರಿಂದ ದಶಕಗಳ ಕಾಲ ಕಡ್ಡಾಯವಾಗಿದ್ದ ಪದ್ಧತಿ ಅದು. ಒಳಗೆ ಧೂಳು ಹೋಗುವಂತಿಲ್ಲ, ತೇವ ಸೇರುವಂತಿಲ್ಲ. ಆದರೆ ತಂತಿ ಕಡಿದರೆ ಇಡೀ ಬುರುಡೆಯೇ ಹೊಸದು ಬೇಕು. ಯುರೋಪಿನವರು ಬೇರೆ ದಾರಿ ಹಿಡಿದು, ಬಟ್ಟಲನ್ನು ಉಳಿಸಿಕೊಂಡು ಬಲ್ಬನ್ನಷ್ಟೇ ಬದಲಿಸುವ ವ್ಯವಸ್ಥೆ ಮಾಡಿದರು. ಹ್ಯಾಲೊಜೆನ್ ಬಲ್ಬ್ 1962ರಲ್ಲಿ ಕಾರಿಗೆ ಬಂತು. ಒಂದೇ ಬಲ್ಬಿನಲ್ಲಿ ಅಪ್ಪರ್, ಡಿಪ್ಪರ್ ಎರಡೂ ತಂತಿ ಇರುವ ಎಚ್‌4 ಬಂದದ್ದು 1971ರಲ್ಲಿ. ನಮ್ಮಲ್ಲಿ ಓಡುವ ಹಳೆ ಕಾರುಗಳ ಬಹುಪಾಲು ಈ ಎಚ್‌4 ಮೇಲೆಯೇ ನಿಂತಿದೆ. ಮೂರು ಕಾಲಿನ ಪ್ಲಗ್, ಮೂರು ಕಿವಿಯ ತಗಡಿನ ಬಳೆ, 12 ವೋಲ್ಟ್, 60/55 ವ್ಯಾಟ್. ಬೀದರ್, ಭಾಲ್ಕಿ, ಔರಾದ್‌ನ ಯಾವ ಅಂಗಡಿಗೆ ಹೋಗಿ ‘ಮೂರು ಪಿನ್ನಿನ ಬಲ್ಬ್’ ಅಂದರೂ ಅದನ್ನೇ ಎದುರಿಗಿಡುತ್ತಾರೆ. ಈ ಬಲ್ಬುಗಳ ಉದ್ಯಮಕ್ಕೆ ಕರ್ನಾಟಕದ ನಂಟೂ ಉಂಟು. ವಾಹನಗಳ ಕೇಬಲ್ ತಯಾರಿಸುವ ಬೆಂಗಳೂರಿನ ಸುಪ್ರಜಿತ್ ಎಂಜಿನಿಯರಿಂಗ್ ಕಂಪನಿ ಹ್ಯಾಲೊಜೆನ್ ಬಲ್ಬ್ ತಯಾರಕ ಫೀನಿಕ್ಸ್ ಲ್ಯಾಂಪ್ಸ್ ಅನ್ನು 2015ರಲ್ಲಿ ತನ್ನ ತೆಕ್ಕೆಗೆ ತೆಗೆದುಕೊಂಡಿತು.

ಹ್ಯಾಲೊಜೆನ್ ಬಲ್ಬಿನ ಒಳಗುಟ್ಟು ಸರಳ. ಮಾಮೂಲಿ ಬಲ್ಬಿನಲ್ಲಿ ಕಾದ ಟಂಗ್‌ಸ್ಟನ್ ತಂತಿ ಸ್ವಲ್ಪ ಸ್ವಲ್ಪವೇ ಆವಿಯಾಗಿ ಗಾಜಿನ ಒಳಮೈಗೆ ಕಪ್ಪಾಗಿ ಮೆತ್ತಿಕೊಳ್ಳುತ್ತದೆ. ಒಳಗೆ ಅಯೋಡಿನ್ ಅಥವಾ ಬ್ರೋಮಿನ್ ಸ್ವಲ್ಪ ಸೇರಿಸಿದರೆ ಆ ಆವಿ ಅದರೊಂದಿಗೆ ಕೂಡಿಕೊಂಡು, ಗಾಜಿಗೆ ಅಂಟದೆ, ತಿರುಗಿ ಕಾದ ತಂತಿಯ ಬಳಿ ಬಂದು ಅಲ್ಲೇ ಲೋಹವನ್ನು ಬಿಟ್ಟುಹೋಗುತ್ತದೆ. ಈ ಸುತ್ತು ನಡೆಯಬೇಕಾದರೆ ಬುರುಡೆಯ ಗೋಡೆ ಕೆಲವು ನೂರು ಡಿಗ್ರಿ ಕಾದಿರಬೇಕು. ಅದಕ್ಕೇ ಬುರುಡೆ ಅಷ್ಟು ಚಿಕ್ಕದು, ಅದಕ್ಕೇ ಸಾಧಾರಣ ಗಾಜಿನ ಬದಲು ಸ್ಫಟಿಕಗಾಜು. ಬರಿಗೈಯಲ್ಲಿ ಮುಟ್ಟಬೇಡಿ ಎಂಬ ಎಚ್ಚರಿಕೆಯ ಮೂಲವೂ ಇದೇ. ಬೆರಳಿನ ಜಿಡ್ಡು ಅಂಟಿದ ಜಾಗ ಉಳಿದ ಭಾಗಕ್ಕಿಂತ ಹೆಚ್ಚು ಕಾಯುತ್ತದೆ, ಅಲ್ಲಿ ಸ್ಫಟಿಕ ಮಸುಕಾಗಿ ಬಲ ಕಳೆದುಕೊಳ್ಳುತ್ತದೆ. ಕೈ ತಗುಲಿಬಿಟ್ಟರೆ ಗಾಬರಿ ಬೇಡ, ಸ್ಪಿರಿಟ್‌ನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿದರಾಯಿತು.

ಇನ್ನು ಸೋರಿಕೆಯ ಮಾತು. ಬಲ್ಬಿನ ಮೇಲೆ 12 ವೋಲ್ಟ್ ಎಂದು ಅಚ್ಚಾಗಿದ್ದರೂ ಅದರ ಬೆಳಕನ್ನು ಅಳೆಯುವುದು 13.2 ವೋಲ್ಟಿನಲ್ಲಿ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಹದಿನಾಲ್ಕರ ಆಸುಪಾಸಿನ ವೋಲ್ಟ್ ಕೊಡುತ್ತದೆ, ದಾರಿಯಲ್ಲಿ ಒಂದಿಷ್ಟು ಕಳೆದು ಬಲ್ಬಿಗೆ ಹದಿಮೂರರ ಮೇಲೆ ಮುಟ್ಟುತ್ತದೆ ಎಂಬ ಲೆಕ್ಕಾಚಾರ ಅದು. ಆ 13.2 ಸಿಕ್ಕರೆ ಎಚ್‌4ನ ಅಪ್ಪರ್ ತಂತಿ 1650 ಲ್ಯೂಮೆನ್, ಡಿಪ್ಪರ್ ತಂತಿ 1000 ಲ್ಯೂಮೆನ್ ಬೆಳಕು ಕೊಡಬೇಕು. ಆದರೆ ತಂತಿಯ ಬೆಳಕು ವೋಲ್ಟಿಗೆ ತಕ್ಕಂತೆ ನೇರವಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ವೋಲ್ಟಿನಲ್ಲಿ ಹತ್ತನೇ ಒಂದು ಭಾಗ ತಗ್ಗಿದರೆ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗವೇ ಮಾಯ. ಬಲ್ಬಿಗೆ 12 ವೋಲ್ಟ್ ಮಾತ್ರ ಮುಟ್ಟುತ್ತಿದ್ದರೆ ಸಿಗುವುದು ನೂರರಲ್ಲಿ ಎಪ್ಪತ್ತೆರಡು ಪಾಲು. 11ಕ್ಕೆ ಇಳಿದರೆ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಇಪ್ಪತ್ತು ವರ್ಷದ ಕಾರಿನಲ್ಲಿ ಬಲ್ಬಿನ ಪಿನ್ನಿಗೆ ಮೀಟರ್ ಹಿಡಿದು ನೋಡಿದರೆ ಇಂಥ ಅಂಕಿ ಕಾಣುವುದು ಅಪರೂಪವೇನಲ್ಲ. ಹೊಸ ಬಲ್ಬ್ ಹಾಕಿದಾಗ ಒಂದೆರಡು ದಿನ ‘ಫರಕ್ ಬಂತು’ ಅನ್ನಿಸಿ, ಆಮೇಲೆ ಮತ್ತೆ ಅದೇ ಮಂಕು ಎಂಬ ಅನುಭವಕ್ಕೆ ಇದೇ ಕಾರಣ.

ಕರೆಂಟು ಎಲ್ಲಿ ಕಳೆಯುತ್ತದೆ? ಹಳೆಯ ಅನೇಕ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನ ಒಳಗಿಂದಲೇ ಹಾದು ಬರುತ್ತದೆ. ಎರಡೂ ದೀಪಕ್ಕೆ ಹತ್ತು ಆಂಪಿಯರ್‌ನಷ್ಟು. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ಸ್ವಿಚ್ಚು, ಅಲ್ಲಿಂದ ಡಿಪ್ಪರ್, ಮತ್ತೆ ಬಾನೆಟ್ ಒಳಗೆ, ಕಪ್ಲರ್, ಹೋಲ್ಡರ್, ಬಲ್ಬ್, ಕೊನೆಗೆ ಅರ್ಥ್. ವೈರು ಸಣ್ಣದು, ದಾರಿ ಉದ್ದ, ಒಂದೊಂದು ಜೋಡಣೆಯಲ್ಲೂ ಹಸಿರು ಕಿಲುಬು. ಪ್ರತಿ ತಾಣದಲ್ಲಿ ಕಾಲು ವೋಲ್ಟ್ ತಪ್ಪಿದರೂ ಎಂಟು ತಾಣಕ್ಕೆ ಎರಡು ವೋಲ್ಟ್. ಸ್ವಿಚ್ಚಿನೊಳಗಿನ ಪ್ಲಾಸ್ಟಿಕ್ ಕರಗಿ ಕಮಟು ವಾಸನೆ ಬರುವುದು, ಹೋಲ್ಡರ್ ಕಂದುಬಣ್ಣಕ್ಕೆ ತಿರುಗಿ ಪುಡಿಯಾಗುವುದು, ಇವೆಲ್ಲ ಆ ಎರಡು ವೋಲ್ಟ್ ಬಿಸಿಯಾಗಿ ಹೊರಬಿದ್ದ ಗುರುತು.

ಇದರಲ್ಲಿ ಅತಿ ಹೆಚ್ಚು ಕಾಡುವುದು ಅರ್ಥ್. ದೀಪದ ಕಪ್ಪು ವೈರನ್ನು ಬಾಡಿಗೆ ಬಿಗಿದ ಒಂದು ಸಣ್ಣ ಸ್ಕ್ರೂ ತುಕ್ಕು ಹಿಡಿದರೆ ಸಾಕು, ವಿಚಿತ್ರಗಳು ಶುರುವಾಗುತ್ತವೆ. ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟೂ ಅದರ ತಾಳಕ್ಕೆ ಮಿಣುಕುತ್ತದೆ. ಡಿಪ್ಪರ್ ಹಾಕಿದರೂ ಮೀಟರಿನಲ್ಲಿ ಅಪ್ಪರಿನ ನೀಲಿ ದೀಪ ಮಿಣಮಿಣ ಹೊಳೆಯುತ್ತದೆ. ಒಂದು ದೀಪದಲ್ಲಿ ಎರಡೂ ತಂತಿ ಕೆಂಪಗೆ ಕಾಣುತ್ತವೆ. ಹೊರಹೋಗಲು ನೇರ ದಾರಿ ಸಿಗದ ಕರೆಂಟು ಪಕ್ಕದ ತಂತಿಯ ಮೂಲಕ ಹಿಮ್ಮುಖವಾಗಿ ನುಗ್ಗಿ ದಾರಿ ಹುಡುಕುತ್ತಿದೆ ಎಂದೇ ಇದರರ್ಥ. ಮಿಸ್ತ್ರಿಗಳು ಇಂಥ ಗಾಡಿಗೆ ಮೊದಲು ಮಾಡುವ ಕೆಲಸ, ಬ್ಯಾಟರಿಯ ಮೈನಸ್‌ನಿಂದ ಒಂದು ಉದ್ದನೆಯ ವೈರ್ ತಂದು ಹೋಲ್ಡರಿನ ಅರ್ಥ್ ಪಿನ್ನಿಗೆ ಮುಟ್ಟಿಸುವುದು. ದೀಪ ಥಟ್ಟನೆ ಬೆಳ್ಳಗಾದರೆ ರೋಗ ಸಿಕ್ಕಿತು. ಉಪ್ಪುಕಾಗದದಿಂದ ಆ ಜಾಗ ಉಜ್ಜಿ, ಹೊಸ ಲಗ್ ಹಾಕಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಚಿಕಿತ್ಸೆಯೂ ಮುಗಿಯಿತು. ಖರ್ಚು ಒಂದು ಕಪ್ ಚಹಾದ ಮೇಲೆ ಚೂರು. ಆದರೆ ಒಂದು ಮಾತು. ಕೆಲವು ಜಪಾನಿ ವಿನ್ಯಾಸದ ಕಾರುಗಳಲ್ಲಿ ಡಿಪ್ಪರ್ ಸ್ವಿಚ್ಚು ಅರ್ಥ್ ಬದಿಯಲ್ಲೇ ಇರುತ್ತದೆ. ಮೂರು ಪಿನ್ನಿನಲ್ಲಿ ಯಾವುದು ಅರ್ಥ್ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ಖಾತ್ರಿ ಮಾಡಿಕೊಳ್ಳದೆ ಬ್ಯಾಟರಿಯ ವೈರ್ ಮುಟ್ಟಿಸಲು ಹೋಗಬಾರದು.

ಮನೆಯಲ್ಲೇ ಪರೀಕ್ಷೆ ಮಾಡುವವರಿಗೆ ಅಗ್ಗದ ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಇಟ್ಟು, ಸ್ವಲ್ಪ ಆಕ್ಸಿಲರೇಟರ್ ಒತ್ತಿ, ದೀಪ ಹಾಕಿ ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. 13.8ರಿಂದ 14.4ರ ನಡುವೆ ಇರಬೇಕು. ಬಳಿಕ ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂಬದಿಯಿಂದ ಮೀಟರಿನ ಕಡ್ಡಿ ತೂರಿಸಿ ನೋಡಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ದಾರಿಯಲ್ಲಿ ಸೋರಿಕೆ ಇದೆ. ಬಲ್ಬ್ ತೆಗೆದು ಖಾಲಿ ಹೋಲ್ಡರಿಗೆ ಮೀಟರ್ ಹಿಡಿದರೆ ಉಪಯೋಗವಿಲ್ಲ. ಕರೆಂಟು ಹರಿಯದಿದ್ದಾಗ ಕೆಟ್ಟ ವೈರಿನಲ್ಲೂ ಪೂರ್ತಿ ವೋಲ್ಟ್ ಕಾಣುತ್ತದೆ. ಬ್ಯಾಟರಿಯಲ್ಲೇ 15ರ ಹತ್ತಿರ ತೋರಿಸಿದರೆ ಕಥೆ ತಿರುಗಾಮುರುಗಾ. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿದೆ. ಬೆಳಕು ಭರ್ಜರಿ ಬರುತ್ತದೆ, ಆದರೆ ವೋಲ್ಟು ನೂರಕ್ಕೆ ಐದು ಹೆಚ್ಚಿದರೆ ಬಲ್ಬಿನ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ತಿಂಗಳಿಗೊಂದು ಬಲ್ಬ್ ಸುಡುವ ಕಾರಿನ ಮಾಲೀಕರು ‘ಕಂಪನಿ ಬಲ್ಬಲ್ಲ, ಡುಪ್ಲಿಕೇಟ್ ಕೊಟ್ಟ’ ಎಂದು ಅಂಗಡಿಯವನ ಜತೆ ಜಗಳಕ್ಕೆ ಹೋಗುವ ಮುನ್ನ ಈ ಅಂಕಿ ನೋಡಿಕೊಳ್ಳುವುದು ಕ್ಷೇಮ.

ಸೋರಿಕೆಗೆ ಖಾಯಂ ಮದ್ದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ಬ್ಯಾಟರಿಯಿಂದ ದಪ್ಪ ವೈರನ್ನು ನೇರ ದೀಪದ ಬಳಿಗೆ ಎಳೆದು, ನಡುವೆ ಫ್ಯೂಸು ಮತ್ತು ರಿಲೇ ಕೂರಿಸುವುದು. ಹಳೆ ಸ್ವಿಚ್ಚಿಗೆ ಆ ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ. ರಿಲೇಯ ಅಡಿಯಲ್ಲಿ 30, 87, 85, 86 ಎಂಬ ಅಂಕಿಗಳಿರುತ್ತವೆ. 30ಕ್ಕೆ ಬ್ಯಾಟರಿ, 87ಕ್ಕೆ ದೀಪ, ಉಳಿದೆರಡು ಸುರುಳಿಯ ತುದಿಗಳು. ಸಿದ್ಧ ಕಿಟ್‌ಗಳು ಸಿಗುತ್ತವೆ, ಹೋಲ್ಡರ್ ಪಿಂಗಾಣಿಯದಿರುವುದನ್ನು ಆರಿಸಿಕೊಳ್ಳಬೇಕು. ಬೀದರ್‌ನಲ್ಲಿ ಸಿಗದಿದ್ದರೆ ಹೈದರಾಬಾದಿನ ರಾಣಿಗಂಜ್, ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇವೆ. ಸ್ವಿಚ್ಚು ಅರ್ಥ್ ಬದಿಯಲ್ಲಿರುವ ಕಾರಿಗೆ ಮಾಮೂಲಿ ಕಿಟ್ ಹಾಕಿದರೆ ಅಪ್ಪರ್-ಡಿಪ್ಪರ್ ತಿಕ್ಕಾಟವಾಗುತ್ತದೆ, ಆದ್ದರಿಂದ ಕೊಳ್ಳುವ ಮೊದಲು ಕಾರಿನ ಹೆಸರು ಹೇಳಿ ಕೇಳಬೇಕು. ನನ್ನ ಎಣಿಕೆಯಲ್ಲಿ ಹಳೆ ಕಾರಿನ ದೀಪಕ್ಕೆ ಮಾಡುವ ಖರ್ಚುಗಳಲ್ಲಿ ರಿಲೇಯಷ್ಟು ಲಾಭದ್ದು ಇನ್ನೊಂದಿಲ್ಲ.

ದುರಂತವೆಂದರೆ ಬಹಳ ಜನ ರಿಲೇ ಹಾಕಿಸುವುದು 100/90 ವ್ಯಾಟಿನ ಬಲ್ಬ್ ಉರಿಸಲಿಕ್ಕೆ. ಆ ಬಲ್ಬಿನ ಲೆಕ್ಕ ನೋಡಿ. ಎರಡು ದೀಪದ ಅಪ್ಪರ್ ಸೇರಿ ಹದಿನಾರು ಆಂಪಿಯರ್ ದಾಟುತ್ತದೆ. ರಿಲೇ ಇಲ್ಲದೆ ಹಾಕಿದರೆ ಫ್ಯೂಸು ಹೋಗುತ್ತದೆ, ಯಾರೋ ಜಾಣ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುತ್ತಾನೆ, ಮುಂದೆ ಕರಗುವುದು ಸ್ವಿಚ್ಚು. ರಿಲೇ ಹಾಕಿದರೂ ಬಟ್ಟಲಿನ ಬೆಳ್ಳಿಬಣ್ಣದ ಲೇಪ ಆ ಬಿಸಿಗೆ ಕಂದಿ ಸುಟ್ಟುಹೋಗುತ್ತದೆ, ಪ್ಲಾಸ್ಟಿಕ್ ಮುಖವಿದ್ದರೆ ಅದೂ ಉಬ್ಬುತ್ತದೆ. ಒಂದು ವರ್ಷ ಪ್ರಖರವಾಗಿ ಉರಿದು, ಬಳಿಕ ಯಾವ ಬಲ್ಬ್ ಹಾಕಿದರೂ ಬೆಳಕು ಬಾರದಂತೆ ಬಟ್ಟಲನ್ನೇ ಕೊಂದಿರುತ್ತದೆ. ರಿಲೇ ಇರಲಿ, ಬಲ್ಬ್ 60/55ರದ್ದೇ ಇರಲಿ. ಪೂರ್ತಿ ವೋಲ್ಟ್ ಸಿಕ್ಕ ಸಾಧಾರಣ ಬಲ್ಬು ಹಸಿದ ನೂರು ವ್ಯಾಟಿನ ಬಲ್ಬನ್ನು ಮೀರಿಸುತ್ತದೆ. ನೀಲಿ ಛಾಯೆ ಬಳಿದ ‘ಸೂಪರ್ ವೈಟ್’ ಬಲ್ಬುಗಳ ಬಗ್ಗೆ ಎರಡೇ ಮಾತು: ಆ ನೀಲಿ ಬಣ್ಣ ಬೆಳಕನ್ನು ಸೋಸಿ ಕಡಿಮೆ ಮಾಡುತ್ತದೆ, ನಾವು ಕಡಿಮೆ ಬೆಳಕಿಗೆ ಹೆಚ್ಚು ಹಣ ಕೊಡುತ್ತೇವೆ.

ಬಲ್ಬ್ ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರದ್ದೂ ಅಲ್ಲ. ದೀಪ ಆರಿಸಿ ಹತ್ತು ನಿಮಿಷ ತಣಿಯಲು ಬಿಡಬೇಕು. ಬಲ್ಬಿನೊಳಗಿನ ಅನಿಲ ಒತ್ತಡದಲ್ಲಿರುವುದರಿಂದ ಕನ್ನಡಕವೊಂದು ಕಣ್ಣಮೇಲಿದ್ದರೆ ಒಳ್ಳೆಯದು. ಬಾನೆಟ್ ಎತ್ತಿ ಹಿಂದಿನಿಂದ ಮೂರು ಪಿನ್ನಿನ ಹೋಲ್ಡರ್ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ, ಹೋಲ್ಡರಿನ ಮೈ ಹಿಡಿದು ಎಳೆಯಿರಿ. ಅದರ ಮುಂದೆ ರಬ್ಬರಿನ ಟೋಪಿ. ಅದನ್ನು ಬಿಡಿಸಿದರೆ ಬಲ್ಬನ್ನು ಅಮುಕಿ ಹಿಡಿದ ತಂತಿಯ ಸ್ಪ್ರಿಂಗ್ ಕಾಣುತ್ತದೆ. ಸ್ಪ್ರಿಂಗಿನ ಎರಡು ಕಾಲುಗಳನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಕೈಗೆ ಬರುತ್ತದೆ. ಸ್ಪ್ರಿಂಗ್ ಯಾವ ಕಡೆಯಿಂದ ಕೊಕ್ಕೆ ಹಾಕಿತ್ತು ಎಂದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಹೊಸ ಬಲ್ಬಿನ ಬಳೆಯ ಮೂರು ಕಿವಿಗಳಲ್ಲಿ ಒಂದು ಅಗಲ, ಅದು ಮೇಲಕ್ಕೆ. ಸರಿಯಾಗಿ ಕೂತರೆ ಬಲ್ಬ್ ತಿರುಗುವುದಿಲ್ಲ. ತಿರುಗುತ್ತಿದ್ದರೆ ಕೂತಿಲ್ಲ, ಒತ್ತಾಯದಿಂದ ಸ್ಪ್ರಿಂಗ್ ಹಾಕಿದರೆ ಬೆಳಕು ಆಕಾಶಕ್ಕೋ ಗಟಾರಕ್ಕೋ ಹೋಗುತ್ತದೆ.

ಆ ರಬ್ಬರ್ ಟೋಪಿಯ ವಿಷಯದಲ್ಲಿ ನನಗೊಂದು ಸಿಟ್ಟಿದೆ. ಹಳೆ ಕಾರುಗಳಲ್ಲಿ ಹತ್ತಕ್ಕೆ ಐದರಲ್ಲಿ ಅದು ಇರುವುದೇ ಇಲ್ಲ. ಹಾಕುವುದು ರಗಳೆ ಎಂದು ಯಾರೋ ಮಿಸ್ತ್ರಿಯ ಹುಡುಗ ಎಂದೋ ಎಸೆದಿರುತ್ತಾನೆ. ಬೀದರ್, ಹುಮನಾಬಾದ್ ಕಡೆ ಜಂಬಿಟ್ಟಿಗೆಯ ಕೆಂಪು ಧೂಳು, ಭಾಲ್ಕಿ, ಔರಾದ್ ಕಡೆ ಎರೆಮಣ್ಣಿನ ಕಪ್ಪು ಧೂಳು. ಎರಡೂ ಹಿಟ್ಟಿನಷ್ಟು ನುಣುಪು. ಟೋಪಿ ಇಲ್ಲದ ರಂಧ್ರದಿಂದ ಒಳನುಗ್ಗಿ ಬಟ್ಟಲಿನ ತಳಕ್ಕೂ ಗಾಜಿನ ಒಳಮೈಗೂ ಪದರವಾಗಿ ಕೂರುತ್ತದೆ. ಮಳೆಗಾಲದಲ್ಲಿ ತೇವ ಸೇರಿ ಅದೇ ಧೂಳು ಕಲೆಯಾಗುತ್ತದೆ. ಬಟ್ಟಲಿನ ಹೊಳಪು ಅಲ್ಯುಮಿನಿಯಮ್ಮನ್ನು ಆವಿ ಮಾಡಿ ಕೂರಿಸಿದ ತೆಳ್ಳನೆ ಪದರ. ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಬಟ್ಟೆ ಸುತ್ತಿದ ಕಡ್ಡಿಯಿಂದ ಒಳಗೆ ಒರೆಸಿದರೆ ಧೂಳಿನ ಜತೆ ಹೊಳಪೂ ಬಂದುಬಿಡುತ್ತದೆ. ಊದಿ ತೆಗೆಯುವುದು, ತೀರ ಆಗದಿದ್ದರೆ ಶುದ್ಧ ನೀರಲ್ಲಿ ಒಮ್ಮೆ ಕುಲುಕಿ ನೆರಳಲ್ಲಿ ಒಣಗಿಸುವುದು, ಅಷ್ಟೇ ಸಾಧ್ಯ. ಬಟ್ಟಲು ಬೂದಿಬಣ್ಣಕ್ಕೆ ತಿರುಗಿದ್ದರೆ ಪಾಲಿಶ್ ಮಾಡಿಸುವ ಆಸೆ ಬಿಟ್ಟು ಡೂಮ್, ಅಂದರೆ ಗಾಜು, ಬಟ್ಟಲು ಸೇರಿದ ಇಡೀ ದೀಪವನ್ನೇ ಬದಲಿಸಬೇಕು. ಹತ್ತಾರು ರೂಪಾಯಿಯ ರಬ್ಬರ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಡೂಮ್ ಕಳೆದುಕೊಳ್ಳುವ ವ್ಯವಹಾರವಿದು.

ಹೊರಗಿನ ಮುಖದ ಕತೆ ಬೇರೆ. ಹಳೆಯ ಗಾಜಿನ ಮುಖಕ್ಕೆ ಕಲ್ಲೇಟು ಬಿಟ್ಟರೆ ಭಯವಿಲ್ಲ, ತೊಳೆದರೆ ಸಾಕು. ಎರಡು ಸಾವಿರದ ಇಸವಿಯ ನಂತರದ ಬಹುತೇಕ ಕಾರುಗಳಿಗೆ ಬಂದದ್ದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅದು ಹಳದಿಯಾಗುತ್ತದೆ. ತಡೆಯಲೆಂದು ಕಾರ್ಖಾನೆಯಲ್ಲೇ ಮೇಲೊಂದು ರಕ್ಷಾಲೇಪ ಹಾಕಿರುತ್ತಾರೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಬಯಲಿನಲ್ಲಿ ಮರದ ನೆರಳಿಲ್ಲದೆ ನಿಂತ ಕಾರಿಗೆ ಆ ಲೇಪ ಕೆಲವೇ ವರ್ಷ ಬಾಳುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯ ಎಲ್ಲರಿಗೂ ಗೊತ್ತು. ಅದು ಹುಸಿಯಲ್ಲ, ಪೇಸ್ಟಿನಲ್ಲಿರುವ ನುಣ್ಣನೆ ಪುಡಿ ಮೇಲಿನ ಪೊರೆಯನ್ನು ನಿಜವಾಗಿಯೂ ತೆಗೆಯುತ್ತದೆ. ಆದರೆ ಹೊಸ ರಕ್ಷೆ ಇಲ್ಲದ ಬೆತ್ತಲೆ ಪ್ಲಾಸ್ಟಿಕ್ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಹಳದಿಯಾಗುತ್ತದೆ. ಸರಿಯಾದ ಕ್ರಮವೆಂದರೆ ನೀರು ಹಾಕುತ್ತ 800, 1500, 2000ನೇ ನಂಬರಿನ ಉಪ್ಪುಕಾಗದದಿಂದ ಒಂದಾದ ಮೇಲೊಂದು ಉಜ್ಜಿ, ಕಾಂಪೌಂಡ್ ಹಚ್ಚಿ ಹೊಳಪು ತಂದು, ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಲ್ಯಾಕರ್ ಹೊಡೆಯುವುದು. ಕೊನೆಯ ಹೆಜ್ಜೆ ಬಿಡುವವರು ಮೊದಲಿನ ಹೆಜ್ಜೆಗಳ ಶ್ರಮವನ್ನೂ ಉಳಿಸಿಕೊಳ್ಳಬಹುದು.

ಈಗ ಎಲ್‌ಇಡಿ. ಎಚ್‌4 ಹೋಲ್ಡರಿಗೇ ಕೂರುವ ಎಲ್‌ಇಡಿ ಬಲ್ಬಿನ ಜೋಡಿ ಸಾವಿರ ರೂಪಾಯಿಯಿಂದ ಐದಾರು ಸಾವಿರದವರೆಗೆ ಸಿಗುತ್ತದೆ. ಡಬ್ಬಿಯ ಮೇಲೆ ಬರೆದ ಲ್ಯೂಮೆನ್ ಅಂಕಿ ನಂಬಿದರೆ ಒಂದು ಜೋಡಿಯಿಂದ ಬಗದಲ್ ಊರನ್ನೇ ಬೆಳಗಿಸಬಹುದು! ತಕರಾರು ಬೆಳಕಿನ ಪ್ರಮಾಣದ ಬಗ್ಗೆ ಅಲ್ಲ, ಅದು ಹೋಗುವ ದಿಕ್ಕಿನ ಬಗ್ಗೆ. ಹಳೆ ಕಾರಿನ ಬಟ್ಟಲು, ಗಾಜಿನ ಗೀರುಗಳು ಎಲ್ಲವನ್ನೂ ಐದು ಮಿಲಿಮೀಟರ್ ಉದ್ದದ ತಂತಿಯೊಂದು ಇಂಥದೇ ಬಿಂದುವಿನಲ್ಲಿ ಉರಿಯುತ್ತದೆ ಎಂದು ಲೆಕ್ಕ ಹಾಕಿ ಎರಕ ಹೊಯ್ದಿರುತ್ತಾರೆ. ಎಚ್‌4ನಲ್ಲಿ ಡಿಪ್ಪರ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬೊಗಸೆ ಇದೆ. ಬೆಳಕು ಬಟ್ಟಲಿನ ಕೆಳಗಿನ ಅರ್ಧಕ್ಕೆ ಬೀಳದಂತೆ ಅದು ತಡೆಯುತ್ತದೆ, ಬಿದ್ದರೆ ಆ ಬೆಳಕು ಮೇಲಕ್ಕೆ ಪುಟಿದು ಎದುರಿನವರ ಕಣ್ಣಿಗೆ ಹೋಗುತ್ತದೆ. ಎಲ್‌ಇಡಿಯಲ್ಲಿ ತಂತಿಯ ಜಾಗದಲ್ಲಿ ಹಲಗೆಯ ಎರಡು ಬದಿಗೆ ಅಂಟಿಸಿದ ಚಿಪ್ಪುಗಳು. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಬೆಳಕು ಕೆದರುತ್ತದೆ. ಕಾರಿನ ಮುಂದಿನ ಹತ್ತು ಮೀಟರ್ ನೆಲ ಹಾಲಿನಂತೆ ಬೆಳಗುವುದರಿಂದ ಚಾಲಕನಿಗೆ ಖುಷಿ. ಐವತ್ತು ಮೀಟರ್ ಆಚೆ, ಅಂದರೆ ನಿಜಕ್ಕೂ ಬೇಕಾದ ಕಡೆ, ಹಲವೊಮ್ಮೆ ಹ್ಯಾಲೊಜೆನ್ನಿಗಿಂತ ಕಡಿಮೆ. ಹತ್ತಿರದ ಆ ಬಿಳುಪಿಗೆ ಕಣ್ಣಿನ ಪಾಪೆ ಕುಗ್ಗಿ ದೂರದ ಕತ್ತಲು ಇನ್ನಷ್ಟು ಗಾಢವಾಗುತ್ತದೆ. ಅದರ ಹಿಂಬದಿಯ ಪುಟ್ಟ ಫ್ಯಾನಿಗೆ ನಮ್ಮ ಧೂಳು ಮಾರಕ. ಫ್ಯಾನ್ ನಿಂತರೆ ಚಿಪ್ಪು ಕಾದು ಸಾಯುತ್ತದೆ.

ಎಲ್‌ಇಡಿಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದಕ್ಕೆಂದೇ ವಿನ್ಯಾಸಗೊಂಡ ಹೊಸ ಕಾರಿನ ದೀಪ ಹ್ಯಾಲೊಜೆನ್ನಿಗಿಂತ ಉತ್ತಮವೇ. ಜರ್ಮನಿಯಲ್ಲಿ 2020ರಲ್ಲಿ ಒಸ್ರಾಮ್ ಕಂಪನಿಯ ಬದಲಿ ಎಲ್‌ಇಡಿ ಬಲ್ಬಿಗೆ ಮೊದಲ ಬಾರಿ ರಸ್ತೆಯ ಅನುಮತಿ ಸಿಕ್ಕಿತು. ಅದೂ ಪರೀಕ್ಷಿಸಿ ಪಟ್ಟಿ ಮಾಡಿದ ಕಾರುಗಳ ದೀಪಗಳಿಗೆ ಮಾತ್ರ. ಅಂದರೆ ಬಲ್ಬಿಗೂ ಬಟ್ಟಲಿಗೂ ಜೋಡಿ ನೋಡಿಯೇ ಮದುವೆ. ನಮ್ಮ ಅಂಗಡಿಗಳಲ್ಲಿ ಆ ಜಾತಕ ಯಾರೂ ನೋಡುವುದಿಲ್ಲ. ಕಾನೂನೂ ಇದಕ್ಕೆ ವಿರುದ್ಧವಾಗಿಯೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟದ್ದನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ಕಣ್ಣು ಕುಕ್ಕುವ ದೀಪಗಳ ವಿರುದ್ಧ 2024ರ ಜುಲೈ 1ರಿಂದ ರಾಜ್ಯದಾದ್ಯಂತ 177ನೇ ಕಲಂ ಅಡಿ ಪ್ರಕರಣ ದಾಖಲಿಸುವುದಾಗಿ ಕರ್ನಾಟಕ ಪೊಲೀಸರು ಘೋಷಿಸಿ ಕಾರ್ಯಾಚರಣೆಯನ್ನೂ ನಡೆಸಿದರು. ದೊಡ್ಡ ಊರುಗಳಲ್ಲಿ ಅದರ ಬಿಸಿ ತಟ್ಟಿತು. ಹಳ್ಳಿ ರಸ್ತೆಯ ರಾತ್ರಿಗಳಲ್ಲಿ ತಪಾಸಣೆ ಯಾರು ಮಾಡಬೇಕು?

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ಮುಗಿಸಿಬಿಡೋಣ. ಫ್ರಾನ್ಸಿನಲ್ಲಿ 1993ರವರೆಗೆ ದಶಕಗಳ ಕಾಲ ಕಾರುಗಳಿಗೆ ಹಳದಿ ಹೆಡ್‌ಲೈಟೇ ಕಡ್ಡಾಯವಾಗಿತ್ತು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ರೀತಿ ಚದರಿಸುತ್ತವೆ. ಹಳದಿಯಲ್ಲಿ ಕಣ್ಣಿಗೆ ಹಿತ ಹೆಚ್ಚು, ನೀಲಿಯ ಕಿರಿಕಿರಿ ಕಡಿಮೆ. ಡಿಸೆಂಬರ್‌ನ ಬೆಳಗಿನ ಜಾವ ಕೌಠಾದ ಬಳಿ ಮಾಂಜ್ರಾ ದಾಟುವಾಗ ಮಂಜು ಸಿಕ್ಕರೆ ಬಣ್ಣಕ್ಕಿಂತ ಡಿಪ್ಪರ್ ಮುಖ್ಯ. ಅಪ್ಪರ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ.

ಬಲ್ಬ್, ವೈರ್, ಬಟ್ಟಲು ಎಲ್ಲ ಸರಿಯಿದ್ದೂ ಬೆಳಕು ಸೋರುವ ಕೊನೆಯ ಜಾಗ ದೀಪದ ಓರೆ. ಒಂದು ಚಿಕ್ಕ ಅಪಘಾತ, ಗ್ಯಾರೇಜಿನಲ್ಲಿ ಬಂಪರ್ ಬಿಚ್ಚಿ ಹಾಕಿದ್ದು, ಹಳೆಯದಾಗಿ ಮುರಿದ ಪ್ಲಾಸ್ಟಿಕ್ ಸ್ಕ್ರೂ, ಇಷ್ಟು ಸಾಕು. ಸರಿಮಾಡಲು ಶಾಲೆಯ ಕಾಂಪೌಂಡು ಗೋಡೆ ಸಿಕ್ಕರೆ ಸಾಕು. ಟೈರಿನ ಗಾಳಿ ಸರಿಮಾಡಿಕೊಂಡು, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟು ನೆಲದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರಕ್ಕೆ ಕಾರು ನಿಲ್ಲಿಸಿ. ನೆಲದಿಂದ ದೀಪದ ನಡುಬಿಂದುವಿನ ಎತ್ತರ ಅಳೆದು ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸುಣ್ಣದ ಗೆರೆ ಎಳೆಯಿರಿ. ಅದರ ಕೆಳಗೆ ಹತ್ತು ಸೆಂಟಿಮೀಟರಿಗೆ ಇನ್ನೊಂದು ಗೆರೆ. ಡಿಪ್ಪರಿನ ಬೆಳಕಿನ ಮೇಲಂಚು ಈ ಎರಡನೇ ಗೆರೆಗೆ ಬಂದು ನಿಲ್ಲಬೇಕು, ಎಡಗಡೆ ಮಾತ್ರ ಸ್ವಲ್ಪ ಏರಬೇಕು. ಎಡಕ್ಕೇ ಏಕೆ? ನಾವು ರಸ್ತೆಯ ಎಡಕ್ಕೆ ಓಡಿಸುವವರು. ಪಾದಚಾರಿ, ಸೈಕಲ್, ಎತ್ತಿನ ಬಂಡಿ ಕಾಣಬೇಕಾದದ್ದು ಆ ಬದಿಗೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ವಿದೇಶಿ ಡೂಮ್ ಕೆಲವೊಮ್ಮೆ ಬಲಕ್ಕೆ ಏರುವಂಥದ್ದಿರುತ್ತದೆ, ಅಂಥದನ್ನು ಎಷ್ಟು ತಿರುಗಿಸಿದರೂ ಎದುರಿನವರಿಗೆ ಹಿಂಸೆ ತಪ್ಪದು.

ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಇದಕ್ಕೊಂದು ಸುಲಭ ಅಳತೆಯನ್ನೇ ಕೊಟ್ಟಿದೆ. ದೀಪದ ಮುಂದೆ 8 ಮೀಟರ್ ದೂರ, ದೀಪದ ಬಲಕ್ಕೆ ಅರ್ಧ ಮೀಟರ್, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಒಂದೂವರೆ ಮೀಟರ್ ಎಂದರೆ ನಿಂತ ಮನುಷ್ಯನ ಕಣ್ಣಿನ ಮಟ್ಟ. ಮನೆಯವರಿಗೆ ಡಿಪ್ಪರ್ ಹಾಕಲು ಹೇಳಿ ಹತ್ತು ಹೆಜ್ಜೆ ಮುಂದೆ ಹೋಗಿ ನಿಂತು ನೋಡಿದರೆ ನಮ್ಮ ಕಾರು ಕಾನೂನಿಗೆ ಬದ್ಧವೋ ಅಲ್ಲವೋ ಗೊತ್ತಾಗುತ್ತದೆ. ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುವ, ಕಪ್ಪು ಪಟ್ಟಿ ಅಂಟಿಸುವ ಪದ್ಧತಿ ಹಿಂದೆ ಎಲ್ಲೆಡೆ ಇತ್ತು, ಲಾರಿಗಳ ಮೇಲೆ ಈಗಲೂ ಕಾಣುತ್ತದೆ. ಓರೆ ಸರಿಯಿಲ್ಲದ ದೀಪಕ್ಕೆ ಕಪ್ಪು ಬಳಿದರೆ ನಮ್ಮ ಬೆಳಕೂ ಹೋಯಿತು, ಎದುರಿನವರ ಕಷ್ಟವೂ ಪೂರ್ತಿ ತೀರಲಿಲ್ಲ. ಸ್ಕ್ರೂ ತಿರುಗಿಸುವ ಐದು ನಿಮಿಷದ ಕೆಲಸಕ್ಕೆ ಅದು ಬದಲಿಯಲ್ಲ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ತೊಗರಿ ಮೂಟೆ ಇದ್ದಾಗ ಕಾರಿನ ಮೂತಿ ಮೇಲೇಳುತ್ತದೆ. ಸ್ಟಿಯರಿಂಗ್ ಪಕ್ಕ 0ಯಿಂದ ಶುರುವಾಗುವ ಅಂಕಿಗಳ ಗಾಲಿಯಿದ್ದರೆ ಆಗ ಅದನ್ನು ಒಂದೆರಡು ಅಂಕಿ ತಿರುಗಿಸಿ ಬೆಳಕು ಇಳಿಸಬೇಕು. ಅದು ಇರುವುದೇ ಗೊತ್ತಿಲ್ಲದ ಮಾಲೀಕರು ಬಹಳ.

ಇಷ್ಟೆಲ್ಲ ಮಾಡಿದರೂ ಡಿಪ್ಪರ್ ಬೆಳಕಿನಲ್ಲಿ ಕಪ್ಪು ವಸ್ತುವೊಂದು ಕಾಣುವುದು ಐವತ್ತು, ಅರುವತ್ತು ಮೀಟರ್ ದೂರಕ್ಕೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಚ್ಚೆತ್ತು ಬ್ರೇಕ್ ಒತ್ತಿ ನಿಲ್ಲಲು ನಲವತ್ತೈದು ಮೀಟರ್ ಬೇಕು, 80ರಲ್ಲಿ ಎಪ್ಪತ್ತರ ಹತ್ತಿರ. ಅಂದರೆ ಎಂಬತ್ತರಲ್ಲಿ ಹೋಗುವವನು ತನ್ನ ಬೆಳಕನ್ನೇ ಹಿಂದಿಕ್ಕಿ ಓಡುತ್ತಿರುತ್ತಾನೆ. ಎದುರಿನ ಅಪ್ಪರ್ ಕಣ್ಣಿಗೆ ಹೊಡೆದ ಮೇಲೆ ದೃಷ್ಟಿ ತಿಳಿಯಾಗಲು ಕೆಲವು ಸೆಕೆಂಡು ಹಿಡಿಯುತ್ತದೆ, ವಯಸ್ಸಾದವರಿಗೆ, ಪೊರೆ ಬಂದವರಿಗೆ ಇನ್ನೂ ಹೆಚ್ಚು. ಅರುವತ್ತರ ವೇಗದಲ್ಲಿ ಐದು ಸೆಕೆಂಡು ಎಂದರೆ ಎಂಬತ್ತು ಮೀಟರಿಗಿಂತ ಹೆಚ್ಚು ದೂರ ಕುರುಡಾಗಿ ಓಡಿದಂತೆ. ಆ ಎಂಬತ್ತು ಮೀಟರಿನಲ್ಲಿ ದೀಪವಿಲ್ಲದ ಕಬ್ಬಿನ ಟ್ರಾಲಿ ಇದ್ದರೆ ಯಾವ ಕಂಪನಿಯ ಬಲ್ಬೂ ಉಳಿಸದು. ಟ್ರಾಲಿಯ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದರೆ ನಮ್ಮ ಮಂಕು ಡಿಪ್ಪರಿಗೂ ನೂರು ಮೀಟರ್ ಆಚೆಯಿಂದಲೇ ಮಿನುಗುತ್ತದೆ. ಕಬ್ಬು ತೂಗುವ ಕಾರ್ಖಾನೆಯ ಗೇಟಿನಲ್ಲೇ ಇದನ್ನು ಕಡ್ಡಾಯ ಮಾಡುವುದು ಅತ್ಯಂತ ಅಗ್ಗದ ಉಪಾಯ. ಕಾರಿನವರೂ ತಮ್ಮ ಪಾಲಿನ ಒಂದು ಕೆಲಸ ಮರೆಯುತ್ತಾರೆ: ಮುಂದಿನ ಗಾಜಿನ ಒಳಮೈ. ಹೊರಗೆ ವೈಪರ್ ಒರೆಸುತ್ತದೆ, ಒಳಗೆ ಉಸಿರು, ಊದುಬತ್ತಿ, ಡ್ಯಾಶ್‌ಬೋರ್ಡ್ ಪಾಲಿಶಿನ ಜಿಡ್ಡು ಪೊರೆಗಟ್ಟಿ ಎದುರಿನ ಬೆಳಕನ್ನು ಗಾಜಿನ ತುಂಬ ಹರಡುತ್ತದೆ.

ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಿಸಲು 2022ರ ಏಪ್ರಿಲ್‌ನಿಂದ ಕೇಂದ್ರದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ನಮ್ಮ ಜಿಲ್ಲೆಯ ಕೆಎ 38, ಕೆಎ 39 ನಂಬರಿನ ಹಳೆ ಗಾಡಿಗಳನ್ನು ಈ ನವೀಕರಣದ ತಪಾಸಣೆಗೆ ಒಯ್ಯುವವರು ಆ ವಾರ ದೀಪ ಸರಿಮಾಡಿಸಿ, ಮರುವಾರ ಮರೆಯುವುದುಂಟು. ಆದರೂ ದೀಪದ ಮಟ್ಟಿಗೆ ಹಳೆ ಕಾರಿನ ಪರ ಒಂದು ಮಾತಿದೆ. ಇಂದಿನ ಅನೇಕ ಹೊಸ ಕಾರುಗಳ ಎಲ್‌ಇಡಿ ದೀಪದಲ್ಲಿ ಬದಲಿಸಲು ಬಲ್ಬೇ ಇಲ್ಲ, ಕೆಟ್ಟರೆ ಇಡೀ ಡೂಮ್, ಬೆಲೆ ಹತ್ತಾರು ಸಾವಿರ, ಬರುವುದು ಶೋರೂಮಿನಿಂದ. ಎಚ್‌4 ಬಲ್ಬ್ ಇನ್ನೂರು ಮುನ್ನೂರು ರೂಪಾಯಿಗೆ ಸಣ್ಣ ಊರಿನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲೂ ಸಿಗುತ್ತದೆ. ಒಂದು ಸುಟ್ಟಾಗ ಎರಡನ್ನೂ ಬದಲಿಸಿ, ಇನ್ನೂ ಉರಿಯುವ ಹಳೆಯದನ್ನು ಡಬ್ಬಿಯಲ್ಲಿಟ್ಟು ಡ್ಯಾಶ್‌ಬೋರ್ಡಿನ ಖಾನೆಗೆ ಹಾಕಿಕೊಳ್ಳಬೇಕು, ಜತೆಗೆ ಎರಡು ಫ್ಯೂಸು. ತಣ್ಣಗಿನ ತಂತಿಗೆ ಕರೆಂಟು ಒಮ್ಮೆಲೇ ಹತ್ತು ಪಟ್ಟು ನುಗ್ಗುವುದರಿಂದ ಬಲ್ಬುಗಳು ಹೆಚ್ಚಾಗಿ ಸುಡುವುದು ಸ್ವಿಚ್ ಒತ್ತಿದ ಕ್ಷಣದಲ್ಲಿ. ಕತ್ತಲಾಗುವ ಮೊದಲೇ, ಊರು ಬಿಡುವಾಗಲೇ ದೀಪ ಹಾಕಿ ನೋಡಿಕೊಂಡರೆ ಸುಡುವ ಬಲ್ಬ್ ಅಂಗಡಿ ತೆರೆದಿರುವ ಹೊತ್ತಿಗೇ ಸುಡುತ್ತದೆ.